ಅಪ್ಪನ ಬಾಂಡಿನಲ್ಲಿ ಅಜ್ಜಿಯ ಹೆಸರು: ಏಳು ತಿಂಗಳ ಬ್ಯಾಂಕ್ ಓಡಾಟ

ಅಪ್ಪ ಹೋಗಿ ಏಳು ತಿಂಗಳಾಯಿತು. ಅವರ ಹೆಸರಿನಲ್ಲಿದ್ದ ಕೊನೆಯ ಬ್ಯಾಂಕ್ ಖಾತೆ ಕ್ಲೋಸ್ ಆಗಿದ್ದು ಹೋದ ವಾರ. ಇದಕ್ಕಾಗಿ ನಾನು ಬೆಂಗಳೂರಿನಿಂದ ಊರಿಗೆ 13 ಸಲ ಓಡಾಡಿದ್ದೇನೆ. ಕೆಲಸ ಮುಗಿದ ದಿನ ರಾತ್ರಿ ಬಸ್ಸಿನಲ್ಲಿ ಕೂತು, ಇದನ್ನು ಯಾರಾದರೂ ಮೊದಲೇ ನನಗೆ ಹೇಳಿದ್ದರೆ ಅರ್ಧ ಓಡಾಟ ತಪ್ಪುತ್ತಿತ್ತಲ್ಲ ಅನ್ನಿಸಿತು. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಇದು ನಮ್ಮ ಮನೆಗೆ ಆದದ್ದು. ನಿಮ್ಮ ಬ್ಯಾಂಕಿನಲ್ಲಿ ಫಾರ್ಮಿನ ಹೆಸರು ಬೇರೆ ಇರಬಹುದು, ಆದರೆ ದಾರಿ ಹೆಚ್ಚುಕಮ್ಮಿ ಇದೇ.

ನಮ್ಮದು ದಾವಣಗೆರೆ ಕಡೆಯ ಹಳ್ಳಿ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿ ರಿಟೈರ್ ಆದವರು, ಜೊತೆಗೆ ಸ್ವಲ್ಪ ಅಡಿಕೆ ತೋಟ. 2025ರ ಆಗಸ್ಟ್ 12, ಮಂಗಳವಾರ ಬೆಳಗ್ಗೆ ಎದೆನೋವು ಅಂದರು. ಆಸ್ಪತ್ರೆಗೆ ಸೇರಿಸಿ ಮೂರು ಗಂಟೆಯೂ ಆಗಿರಲಿಲ್ಲ. ಅವರಿಗೆ 69 ವರ್ಷ. ಮನೆಯಲ್ಲಿ ಅಮ್ಮ, ನಾನು ಹಿರಿಮಗಳು, ಮಸ್ಕತ್‌ನಲ್ಲಿ ಕೆಲಸ ಮಾಡುವ ತಮ್ಮ, ಪಕ್ಕದ ಊರಿಗೆ ಮದುವೆಯಾಗಿ ಹೋದ ತಂಗಿ. ವಿಲ್ ಬರೆದಿರಲಿಲ್ಲ. ಅಪ್ಪನ ಕಾಗದಗಳೆಲ್ಲ ಜವಳಿ ಅಂಗಡಿಯ ಒಂದು ಹಳದಿ ಕವರಿನಲ್ಲಿ, ಬೀರುವಿನ ಮೇಲಿನ ಹಲಗೆಯಲ್ಲಿ ಇದ್ದವು. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅಮ್ಮ ಆ ಕವರ್ ತಂದು ನನ್ನ ಮುಂದೆ ಇಟ್ಟರು. "ಇದ್ರಾಗೆ ಏನೈತೋ ನಂಗೊತ್ತಿಲ್ಲ ತಾಯಿ, ಅವ್ರು ಯಾವತ್ತೂ ತೋರಿಸ್ಲಿಲ್ಲ, ನಾನೂ ಕೇಳ್ಲಿಲ್ಲ" ಅಂದರು.

ಮೊದಲ ತಪ್ಪು ಅಷ್ಟರಲ್ಲೇ ಆಗಿಹೋಗಿತ್ತು. ಕಾರ್ಯದ ಖರ್ಚಿಗೆ ಅಂತ ತಂಗಿಯ ಗಂಡ ಅಪ್ಪನ ಎಟಿಎಂ ಕಾರ್ಡಿನಿಂದ 40,000 ರೂಪಾಯಿ ತೆಗೆದಿದ್ದರು. ಪಾಪ, ಅವರದೇನೂ ದುರುದ್ದೇಶ ಇರಲಿಲ್ಲ. ಪಿನ್ ಅಮ್ಮನಿಗೆ ಗೊತ್ತಿತ್ತು, ಕೊಟ್ಟರು. ಆದರೆ ಖಾತೆದಾರರು ತೀರಿಕೊಂಡ ಮೇಲೆ ಅವರ ಕಾರ್ಡ್, ಫೋನ್‌ಪೇ, ನೆಟ್ ಬ್ಯಾಂಕಿಂಗ್ ಯಾವುದನ್ನೂ ಮುಟ್ಟಬಾರದು. ಆ ಹಣ ಆ ಕ್ಷಣದಿಂದಲೇ ಎಲ್ಲ ವಾರಸುದಾರರಿಗೂ ಸೇರಿದ್ದು. ನಾಳೆ ಮನೆಯಲ್ಲಿ ಒಬ್ಬರು ತಕರಾರು ತೆಗೆದರೆ ಹಣ ತೆಗೆದವರ ತಲೆಗೆ ಬರುತ್ತದೆ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಬರಲಿಲ್ಲ, ಅದು ಅಮ್ಮನ ಜೊತೆಗಿನ ಜಂಟಿ ಖಾತೆಯೂ ಆಗಿತ್ತು. ಆದರೂ ಬ್ಯಾಂಕಿನವರು ಆ ತಾರೀಖು ನೋಡಿ ವಿವರಣೆ ಬರೆಸಿಕೊಂಡರು. ಸಾವಿನ ಮನೆಯ ಖರ್ಚಿಗೆ ಕೈಯಲ್ಲಿ ಹಣ ಇಲ್ಲದಿದ್ದರೆ ಸಾಲ ಮಾಡಿ, ಕಾರ್ಡ್ ಮುಟ್ಟಬೇಡಿ.

ಇನ್ನೊಂದು ಮಾತು. ಸಿಮ್ ಮಾತ್ರ ತಕ್ಷಣ ನಿಲ್ಲಿಸಬೇಡಿ. ವ್ಯವಹಾರ ಮಾಡೋದಕ್ಕಲ್ಲ, ಬರುವ ಮೆಸೇಜ್ ನೋಡೋದಕ್ಕೆ. ನಾವು ಅಪ್ಪನ ಸಣ್ಣ ಬಟನ್ ಫೋನಿನಲ್ಲಿ ಹಳೇ ಮೆಸೇಜ್‌ಗಳನ್ನು ಒಂದೊಂದಾಗಿ ಓದುತ್ತಾ ಹೋದೆವು. ಮೇ ಕೊನೆಯಲ್ಲಿ 20 ರೂಪಾಯಿ ಕಟ್ ಆದ ಒಂದು ಮೆಸೇಜ್ ಸಿಕ್ಕಿತು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು. ಆದರೆ ಅದು ಬಂದಿದ್ದ ಬ್ಯಾಂಕಿನ ಹೆಸರು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಆ ಬ್ಯಾಂಕಿನ ಪಾಸ್‌ಬುಕ್ ಹಳದಿ ಕವರಿನಲ್ಲೂ ಇರಲಿಲ್ಲ. ಅಪ್ಪ ಅಡಿಕೆ ಮಾರಿದ ಹಣವನ್ನು ಅಲ್ಲಿ ಇಡುತ್ತಿದ್ದರು ಅನ್ನೋದು ನಮಗೆ ಗೊತ್ತಾಗಿದ್ದೇ ಆ 20 ರೂಪಾಯಿಯಿಂದ. ಸಿಮ್ ನಿಲ್ಲಿಸಿ ಫೋನ್ ಯಾರಿಗಾದರೂ ಕೊಟ್ಟಿದ್ದರೆ 4,62,000 ರೂಪಾಯಿ ಹಾಗೇ ಉಳಿದುಬಿಡುತ್ತಿತ್ತು.

ಆ ಬಿಮೆ ಅಪಘಾತಕ್ಕೆ ಮಾತ್ರ, ಹಾಗಾಗಿ ನಮಗೆ ಬರಲಿಲ್ಲ. ಆದರೆ ನೀವು ಪಾಸ್‌ಬುಕ್‌ನಲ್ಲಿ 436 ರೂಪಾಯಿ ಕಟ್ ಆಗಿದೆಯಾ ಅಂತ ತಪ್ಪದೇ ನೋಡಿ. ಅದು ಜೀವನ ಜ್ಯೋತಿ ಬಿಮೆ. ಸಾವು ಯಾವ ಕಾರಣದಿಂದ ಆದರೂ 2 ಲಕ್ಷ ಬರುತ್ತದೆ, 55 ವರ್ಷದವರೆಗೆ. ನಮ್ಮೂರಲ್ಲೇ ಒಬ್ಬರ ಹೆಂಡತಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ನಾನು ಪಾಸ್‌ಬುಕ್ ನೋಡಿ ಹೇಳಿದ ಮೇಲೆ ಅರ್ಜಿ ಹಾಕಿದರು.

ಈಗ ಡೆತ್ ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ಇದು ಸಾವು ಎಲ್ಲಿ ಆಯಿತೋ ಅಲ್ಲಿ ಸಿಗುತ್ತದೆ, ಸತ್ತವರ ಊರಿನಲ್ಲಿ ಅಲ್ಲ. ನಾವು ಮೊದಲು ಊರಿನಲ್ಲೇ ವಿಚಾರಿಸಿ ಎರಡು ದಿನ ಕಳೆದೆವು. ಅಪ್ಪ ತೀರಿಕೊಂಡಿದ್ದು ಸಿಟಿಯ ಆಸ್ಪತ್ರೆಯಲ್ಲಿ. ಹಾಗಾಗಿ ಆಸ್ಪತ್ರೆಯವರೇ ಪಾಲಿಕೆಗೆ ವರದಿ ಕಳಿಸಿದ್ದರು, ಸರ್ಟಿಫಿಕೇಟ್ ಅಲ್ಲೇ ತೆಗೆದುಕೊಳ್ಳಬೇಕಿತ್ತು. ಮನೆಯಲ್ಲಿ ಸಾವಾದರೆ ನೀವೇ 21 ದಿನದೊಳಗೆ ನೋಂದಾಯಿಸಬೇಕು. ತಡವಾದಷ್ಟೂ ದಂಡ, ಅನುಮತಿ ಅಂತ ತೊಡಕು ಜಾಸ್ತಿ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕಾಗುತ್ತದೆ.

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ನೋಡಿದರೆ ಅಪ್ಪನ ಹೆಸರಿನ ಕೊನೆಯ "ಪ್ಪ" ಇಲ್ಲ. ಆಸ್ಪತ್ರೆಯವರು ಆಧಾರ್ ನೋಡಿ ಬರೆದುಕೊಂಡಿದ್ದರು, ಆಧಾರ್‌ನಲ್ಲಿ "ಪ್ಪ" ಬಿಟ್ಟುಹೋಗಿತ್ತು. ಪಾಸ್‌ಬುಕ್‌ನಲ್ಲಿ "ಪ್ಪ" ಇದೆ, ಮುಂದೆ ಒಂದು ಇನಿಷಿಯಲ್. ಹಳೇ ಎಫ್‌ಡಿ ಬಾಂಡಿನಲ್ಲಿ "ಪ್ಪ"ನೂ ಇದೆ, ಊರಿನ ಹೆಸರೂ ಸೇರಿಕೊಂಡಿದೆ. ಮೂರು ಕಾಗದ, ಮೂರು ಹೆಸರು. ಊರಲ್ಲೆಲ್ಲ ಮೇಷ್ಟ್ರು ಅಂದರೆ ಸಾಕಿತ್ತು, ಬ್ಯಾಂಕಿಗೆ ಸಾಕಾಗಲಿಲ್ಲ. ಈ ಮೂರೂ ಹೆಸರು ಒಬ್ಬರದೇ ಅಂತ ಅಮ್ಮನ ಕೈಯಲ್ಲಿ ಅಫಿಡವಿಟ್ ಮಾಡಿಸಬೇಕಾಯಿತು. ದಯವಿಟ್ಟು ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗಲೇ ಯಾರಾದರೂ ಒಬ್ಬರು ನಿಂತು, ಪಾಸ್‌ಬುಕ್‌ನಲ್ಲಿ ಇರುವ ಹಾಗೆ ಅಕ್ಷರ ಅಕ್ಷರ ನೋಡಿ. ಆ ಹೊತ್ತಿನಲ್ಲಿ ಯಾರಿಗೆ ಅದರ ಪರಿವೆ ಇರುತ್ತದೆ ಅಂತ ಕೇಳಬಹುದು. ನಿಜ. ಮನೆಯವರ ಕೈಲಿ ಆಗದಿದ್ದರೆ ಜೊತೆಗೆ ಬಂದ ಭಾವನಿಗೋ ಸ್ನೇಹಿತರಿಗೋ ಈ ಕೆಲಸ ಒಪ್ಪಿಸಿ. ಪ್ರತಿ ಕಡೆಗೂ ಒಂದೊಂದು ಪ್ರತಿ ಬೇಕು, ನಮಗೆ ಒಟ್ಟು 11 ಹಿಡಿಯಿತು.

ಪೆನ್ಷನ್ ಬ್ಯಾಂಕಿಗೆ ನಾವು ಹೋದದ್ದು ಸೆಪ್ಟೆಂಬರ್ 8ಕ್ಕೆ. ತಡವಾಗಿ ಹೋದೆವು, ಅದು ಇನ್ನೊಂದು ತಪ್ಪು. ಅಷ್ಟರಲ್ಲಿ ಆಗಸ್ಟ್ ತಿಂಗಳ ಪೆನ್ಷನ್ ಪೂರ್ತಿ ಬಂದು ಬಿದ್ದಿತ್ತು. ತೀರಿಕೊಂಡ ದಿನದ ನಂತರದ್ದನ್ನು ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಬ್ಯಾಂಕಿನವರು ಲೆಕ್ಕ ಹಾಕಿ ಅದೇ ಖಾತೆಯಿಂದ ಹಿಡಿದುಕೊಂಡರು. ಕೆಲವರು ಆ ಹಣವನ್ನೆಲ್ಲ ತೆಗೆದು ಖರ್ಚು ಮಾಡಿ, ಆಮೇಲೆ ಕಟ್ಟೋಕೆ ಒದ್ದಾಡುತ್ತಾರೆ. ಖಾತೆ ಮಾತ್ರ ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು ನಡೆಸಬಹುದು ಅನ್ನೋ ಷರತ್ತಿನದು, ಹಾಗಾಗಿ ಸುಲಭವಾಯಿತು. ಅಪ್ಪನ ಹೆಸರು ತೆಗೆದು ಅಮ್ಮನ ಹೆಸರಿನಲ್ಲೇ ಮುಂದುವರಿಸಿದರು. ಪೆನ್ಷನ್ ಮಂಜೂರಾತಿಯ ಪಿಪಿಓ ಪುಸ್ತಕದಲ್ಲಿ ಅಮ್ಮನ ಹೆಸರೂ ಫೋಟೋನೂ ಇದ್ದದ್ದರಿಂದ ಕುಟುಂಬ ಪಿಂಚಣಿಗೆ ಹೆಚ್ಚು ತೊಂದರೆ ಆಗಲಿಲ್ಲ. ಎರಡು ತಿಂಗಳಿಗೆ ಬಾಕಿ ಸಮೇತ ಬಂತು. ಪಿಪಿಓ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

ಆವತ್ತಿನ ಒಂದು ವಿಷಯ ಹೇಳಲೇಬೇಕು. ಫಾರ್ಮಿನಲ್ಲಿ "ಮೃತರ ಹೆಸರು" ಅಂತ ಒಂದು ಸಾಲು ಇತ್ತು. ನಾನು ಪೆನ್ ಹಿಡಿದು ಕೂತೆ. ಕೈ ಓಡಲಿಲ್ಲ. ಚಿಕ್ಕಂದಿನಿಂದ ಎಷ್ಟು ಫಾರ್ಮ್‌ನಲ್ಲಿ "ತಂದೆಯ ಹೆಸರು" ಅಂತ ಬರೆದಿದ್ದೇನೆ. ಅದೇ ಹೆಸರನ್ನು ಈ ಸಾಲಿನಲ್ಲಿ ಬರೆಯೋದು ಬೇರೆಯೇ. ಕೌಂಟರಿನಲ್ಲಿದ್ದ ಹುಡುಗಿ, ನನ್ನ ತಂಗಿಗಿಂತ ಚಿಕ್ಕವಳು, ಒಂದು ಲೋಟ ನೀರು ತಂದಿಟ್ಟು "ನಿಧಾನಕ್ಕೆ ಬರೀರಿ ಮೇಡಂ, ಊಟದ ಟೈಮ್ ಆದ್ರೂ ನಾನು ತಗೋತೀನಿ" ಅಂದಳು. ಏಳು ತಿಂಗಳ ಓಡಾಟದಲ್ಲಿ ಬೇಜಾರಾದ ಮಾತು ಬಹಳ ಕೇಳಿದ್ದೇನೆ. ಈ ಮಾತನ್ನೂ ಮರೆಯಲ್ಲ.

ಅದೇ ಬ್ಯಾಂಕಿನಲ್ಲಿ ಮೂರು ಎಫ್‌ಡಿ ಇದ್ದವು. 2 ಲಕ್ಷದ ಎರಡು, 3 ಲಕ್ಷದ್ದು ಒಂದು. ಮೊದಲೆರಡಕ್ಕೆ ಅಮ್ಮ ನಾಮಿನಿ. ಕ್ಲೇಮ್ ಫಾರ್ಮ್, ಡೆತ್ ಸರ್ಟಿಫಿಕೇಟ್, ಅಮ್ಮನ ಆಧಾರ್, ಪ್ಯಾನ್, ಫೋಟೋ, ಮೂಲ ಬಾಂಡ್. ಅಷ್ಟೇ. 9 ದಿನಕ್ಕೆ ಅಮ್ಮನ ಖಾತೆಗೆ ಹಣ ಬಂತು. ಅವಧಿ ಮುಗಿದಿರಲಿಲ್ಲ, ಆದರೂ ದಂಡ ಹಿಡಿಯಲಿಲ್ಲ. ಠೇವಣಿದಾರರು ತೀರಿಕೊಂಡಾಗ ಅವಧಿಗೆ ಮೊದಲು ಮುರಿದರೆ ದಂಡ ಹಾಕುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ನಾಮಿನಿ ಇದ್ದರೆ ವಂಶವೃಕ್ಷ, ಕೋರ್ಟ್ ಕಾಗದ ಏನನ್ನೂ ಕೇಳುವಂತಿಲ್ಲ, ಕಾಗದ ಎಲ್ಲ ಸರಿ ಇದ್ದರೆ 15 ದಿನದೊಳಗೆ ಕೊಡಬೇಕು ಅನ್ನೋದೂ 2005ರಿಂದಲೇ ಇರುವ ನಿಯಮ.

ಮೂರನೇ ಬಾಂಡು ತೆಗೆದು ನೋಡಿದ ಆಫೀಸರ್ ಸುಮ್ಮನಾದರು. ಆಮೇಲೆ ನನ್ನ ಕಡೆ ತಿರುಗಿಸಿದರು. ನಾಮಿನಿ ಅನ್ನೋ ಜಾಗದಲ್ಲಿ ಅಜ್ಜಿಯ ಹೆಸರು ಇತ್ತು, ಸಂಬಂಧ: ತಾಯಿ. 2009ರಲ್ಲಿ ಇಟ್ಟ ಎಫ್‌ಡಿ ಅದು. ತಾನೇ ರಿನ್ಯೂ ಆಗುತ್ತಾ ಬಂದಿತ್ತು. ಅಜ್ಜಿ ತೀರಿಕೊಂಡಿದ್ದು 2014ರಲ್ಲಿ. ಅಪ್ಪ ಪ್ರತಿ ಸಲವೂ ಹೊಸ ಬಾಂಡ್ ತಂದು ಅದೇ ಕವರಿನಲ್ಲಿ ಇಟ್ಟಿದ್ದಾರೆ, ಆ ಸಾಲನ್ನು ಒಮ್ಮೆಯೂ ಬದಲಾಯಿಸಿಲ್ಲ. ಮರೆತರೋ, ಅಜ್ಜಿಯ ಹೆಸರು ಹೊಡೆಯೋಕೆ ಮನಸ್ಸು ಬರಲಿಲ್ಲವೋ, ಇನ್ನು ಯಾರನ್ನು ಕೇಳೋದು. "ನಾಮಿನಿ ಇಲ್ಲದ ಲೆಕ್ಕವೇ ಇದು. ಎಲ್ಲ ವಾರಸುದಾರರೂ ಬರಬೇಕು" ಅಂದರು ಆಫೀಸರ್.

ಒಂದೇ ಬೆಂಚಿನ ಮೇಲೆ ಕೂತು ಒಂದೇ ದಿನ ಕೊಟ್ಟ ಮೂರು ಬಾಂಡ್. ಎರಡಕ್ಕೆ 9 ದಿನ, ಒಂದಕ್ಕೆ ಐದು ತಿಂಗಳು. ನಾನು ಇಷ್ಟೆಲ್ಲ ಬರೆಯುತ್ತಿರೋದು ಮುಖ್ಯವಾಗಿ ಈ ಒಂದು ಸಾಲಿಗಾಗಿ. ನಾಮಿನಿ ಇದೆ ಅಂದುಕೊಂಡು ಸುಮ್ಮನಿರಬೇಡಿ, ಯಾರ ಹೆಸರು ಇದೆ, ಅವರು ಬದುಕಿದ್ದಾರಾ ಅಂತ ತೆಗೆದು ನೋಡಿ.

ಹಾಗಂತ ನಾಮಿನಿಯೇ ಮಾಲೀಕರು ಅಂತಲ್ಲ. ಇದರ ಬಗ್ಗೆ ನಮ್ಮ ನೆಂಟರಲ್ಲೇ ನಾಲ್ಕು ಥರ ಮಾತಾಡಿದರು. ನಾಮಿನಿ ಅಂದರೆ ಹಣವನ್ನು ಬ್ಯಾಂಕಿನಿಂದ ತೆಗೆದುಕೊಂಡು ವಾರಸುದಾರರಿಗೆ ಸೇರಿಸುವವರು. ಹಕ್ಕು ವಾರಸುದಾರರದೇ. ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಎಲ್ಲರಿಗೂ ಸಮಪಾಲು. ನಾವು ಮೂವರೂ ಎಲ್ಲ ಅಮ್ಮನ ಹೆಸರಿಗೇ ಹೋಗಲಿ ಅಂತ ಮೊದಲ ದಿನವೇ ಮಾತಾಡಿಕೊಂಡಿದ್ದೆವು. ಆ ಒಪ್ಪಿಗೆ ಇಲ್ಲದ ಮನೆಗಳಲ್ಲಿ ಇದು ಎಷ್ಟು ಕಷ್ಟ ಅನ್ನೋದು ನನಗೆ ಈಗ ಅರ್ಥವಾಗುತ್ತದೆ.

ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆವು. ನೋಟರಿ ಮಾಡಿಸಿದ ಅಫಿಡವಿಟ್, ಎಲ್ಲರ ಆಧಾರ್, ಡೆತ್ ಸರ್ಟಿಫಿಕೇಟ್. ಆಮೇಲೆ ಗ್ರಾಮ ಆಡಳಿತಾಧಿಕಾರಿ, ನಮ್ಮೂರಲ್ಲಿ ಹಳಬರು ಈಗಲೂ ಶಾನುಭೋಗರು ಅಂತಲೇ ಕರೆಯೋದು, ಬಂದು ಅಕ್ಕಪಕ್ಕದವರನ್ನು ಕೇಳಿ ಪಂಚನಾಮೆ ಬರೆದುಕೊಂಡರು. ಅರ್ಜಿ ಟೈಪ್ ಮಾಡಿಕೊಟ್ಟ ಅಂಗಡಿಯವನು ಕರಡಿನಲ್ಲಿ ಅಮ್ಮ ಮತ್ತು ತಮ್ಮನ ಹೆಸರು ಮಾತ್ರ ಹಾಕಿದ್ದ. ನಾವಿಬ್ಬರು ಎಲ್ಲಿ ಅಂತ ಕೇಳಿದರೆ "ಮದ್ವೆ ಆಗಿ ಹೋದವ್ರನ್ನ ಯಾಕಕ್ಕ ಹಾಕ್ಬೇಕು" ಅಂದ. ತಂಗಿಯ ಮುಖ ಕೆಂಪಾಯಿತು. ಅಪ್ಪನ ಮಕ್ಕಳು ಯಾರು ಅಂತ ಸರ್ಕಾರಕ್ಕೆ ಹೇಳುವ ಕಾಗದ ಅದು. ಅದರಲ್ಲಿ ನಾವಿಲ್ಲ ಅಂದರೆ ಏನು ಹೇಳಬೇಕು? ಕೂತು ಮತ್ತೆ ಟೈಪ್ ಮಾಡಿಸಿದೆವು. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ಸುಳ್ಳು ಕಾಗದ. ಈಗ ಸುಲಭ ಅಂತ ಬಿಟ್ಟರೆ ಮುಂದೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೂ ಅದೇ ಕಾಗದ ಹೋಗುತ್ತದೆ.

ವಂಶವೃಕ್ಷ ಕೈಗೆ ಬರಲು 26 ದಿನ ಆಯಿತು. ಅದರಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್, ನನ್ನ ಆಧಾರ್‌ನಲ್ಲಿ ಗಂಡನ ಹೆಸರು. ಮತ್ತೊಂದು ಅಫಿಡವಿಟ್, ಜೊತೆಗೆ ಮದುವೆ ನೋಂದಣಿ ಪತ್ರ. ತಂಗಿಯ ಮದುವೆ ನೋಂದಣಿ ಆಗಿರಲೇ ಇಲ್ಲ, ಅವಳು ಶಾಲೆಯ ಟಿಸಿ ಹುಡುಕಿಸಿಕೊಂಡು ಬಂದಳು. ಹೆಣ್ಣುಮಕ್ಕಳು ಈ ಎರಡು ಕಾಗದ ಮೊದಲೇ ಎತ್ತಿಟ್ಟುಕೊಳ್ಳಿ.

20 ರೂಪಾಯಿ ಮೆಸೇಜಿನ ಆ ಎರಡನೇ ಬ್ಯಾಂಕಿನದ್ದೇ ದೊಡ್ಡ ಕಥೆ. ಅಪ್ಪನ ಒಬ್ಬರದೇ ಉಳಿತಾಯ ಖಾತೆ, ನಾಮಿನಿ ಜಾಗ ಖಾಲಿ. ಮೊದಲ ಸಲ ಹೋದಾಗ "ಗಂಡುಮಕ್ಕಳು ಯಾರೂ ಇಲ್ವಾ, ಅವರನ್ನೇ ಕಳಿಸಿ" ಅಂದರು. ತಮ್ಮ ವಿದೇಶದಲ್ಲಿದ್ದಾನೆ, ನಾನೂ ವಾರಸುದಾರಳೇ ಅಂದೆ. ಎರಡನೇ ಸಲ, ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ಹಣಕ್ಕೆ ವಾರಸುದಾರರು ಇವರೇ ಅನ್ನುವ ಪತ್ರ, ತಂದರೆ ಮಾತ್ರ ಅಂದರು. ವಕೀಲರನ್ನು ಕೇಳಿದರೆ ಅರ್ಜಿ, ಪೇಪರ್‌ನಲ್ಲಿ ನೋಟಿಸ್, ಹಣಕ್ಕೆ ತಕ್ಕಂತೆ ಕೋರ್ಟ್ ಫೀ, ಜೊತೆಗೆ ತಿಂಗಳುಗಟ್ಟಲೆ ಸಮಯ. ಅಮ್ಮ ಅದನ್ನು ಕೇಳಿ "ಬಿಟ್ಬಿಡಮ್ಮ, ಕೋರ್ಟು ಕಚೇರಿ ಬ್ಯಾಡ" ಅಂದರು. ಅಪ್ಪ ಅಡಿಕೆ ಸುಲಿಸಿ, ಒಣಗಿಸಿ, ಮಾರಿ ಕೂಡಿಟ್ಟ ಹಣ. ಹೇಗೆ ಬಿಡೋದು?

ಆ ವಾರವೇ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ಹೊರಡಿಸಿದ್ದು ಕಣ್ಣಿಗೆ ಬಿತ್ತು. 2025ರ ಸೆಪ್ಟೆಂಬರ್ 26ರದ್ದು. ನಾಮಿನಿ ಇಲ್ಲದಿದ್ದರೂ ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸರಳ ವಿಧಾನದಲ್ಲೇ ಹಣ ಕೊಡಬೇಕು. ಎಲ್ಲ ಕಾಗದ ಬಂದ ಮೇಲೆ 15 ದಿನ ಮೀರಿ ತಡ ಮಾಡಿದರೆ ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ಬ್ಯಾಂಕ್ ರೇಟಿನ ಮೇಲೆ ಶೇಕಡಾ 4 ಸೇರಿಸಿ ಬಡ್ಡಿ ಕೊಡಬೇಕು. ಪ್ರಿಂಟ್ ತೆಗೆದುಕೊಂಡು ಹೋದೆ. ಮ್ಯಾನೇಜರ್ ಓದಿದರು. "ಜಾರಿಗೆ ತರೋಕೆ ನಮಗೆ 2026ರ ಮಾರ್ಚ್ 31ರವರೆಗೆ ಟೈಮ್ ಇದೆ ಮೇಡಂ, ಸರ್ಕ್ಯುಲರ್ ಇನ್ನೂ ಬಂದಿಲ್ಲ" ಅಂದರು. ಅವರು ಹೇಳಿದ್ದೂ ಸುಳ್ಳಲ್ಲ. ಆದರೆ ಹಳೇ ನಿಯಮದಲ್ಲೂ ಪ್ರತಿ ಬ್ಯಾಂಕ್ ಒಂದು ಮಿತಿ ಇಟ್ಟುಕೊಂಡು, ಅದರೊಳಗಿನ ಹಣಕ್ಕೆ ಇಂಡೆಮ್ನಿಟಿ ಬಾಂಡ್ (ಮುಂದೆ ಬೇರೆಯವರು ಹಕ್ಕು ಕೇಳಿದರೆ ನಷ್ಟ ನಾವೇ ತುಂಬಿಕೊಡುತ್ತೇವೆ ಅನ್ನುವ ಮುಚ್ಚಳಿಕೆ) ಮೇಲೆ ಕೊಡಬೇಕಿತ್ತು. ನಿಮ್ಮ ಬ್ಯಾಂಕಿನ ಮಿತಿ ಎಷ್ಟು ಅಂತ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದೆ. ಅಷ್ಟು ಕೇಳಿದ್ದೇ ತಡ, ದಾರಿ ಬದಲಾಯಿತು. ಫೈಲ್ ರೀಜನಲ್ ಆಫೀಸಿಗೆ ಹೋಯಿತು, ಕೋರ್ಟ್ ಬೇಡ ಅಂತ ಉತ್ತರ ಬಂತು.

ಇದೊಂದು ಪಾಠ ನನಗೆ ಬಹಳ ಉಪಯೋಗಕ್ಕೆ ಬಂತು. ಜಗಳ ಮಾಡಬೇಡಿ, ಬಾಯಿಮಾತಿನಲ್ಲೂ ಬಿಡಬೇಡಿ. ಏನು ಬೇಕು ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕೊಟ್ಟ ಕಾಗದಕ್ಕೆಲ್ಲ ಸೀಲು, ತಾರೀಖು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. 15 ದಿನ ಎಣಿಸಬೇಕು ಅಂದರೆ ಆ ಸೀಲಿನ ತಾರೀಖಿನಿಂದಲೇ ಎಣಿಸಬೇಕಲ್ವಾ? ಅಷ್ಟಾದರೂ ಕೆಲಸ ಆಗದಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು 30 ದಿನ ಕಾದು, ಆಮೇಲೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ಅದಕ್ಕೆ ದುಡ್ಡಿಲ್ಲ. ನಮಗೆ ಅಲ್ಲಿವರೆಗೆ ಹೋಗುವ ಅಗತ್ಯ ಬರಲಿಲ್ಲ.

ಈಗ ಬೇಕಾಗಿದ್ದು: ನಾಲ್ಕೂ ವಾರಸುದಾರರ ಸಹಿ, ಹಣ ಅಮ್ಮನಿಗೆ ಕೊಡಲು ನಮ್ಮ ಅಭ್ಯಂತರ ಇಲ್ಲ ಅಂತ ಮೂವರು ಮಕ್ಕಳ ಹಕ್ಕು ಬಿಟ್ಟ ಪತ್ರ, ಇಂಡೆಮ್ನಿಟಿ ಬಾಂಡ್, ಅಫಿಡವಿಟ್, ಇಬ್ಬರು ಜಾಮೀನುದಾರರು. ಎಫ್‌ಡಿ ಇದ್ದ ಬ್ಯಾಂಕಿಗೂ ಹೆಚ್ಚುಕಮ್ಮಿ ಇದೇ ಪಟ್ಟಿ, ಆದರೆ ಅವರದೇ ಫಾರ್ಮ್‌ನಲ್ಲಿ, ಅವರದೇ ಪದಗಳಲ್ಲಿ. ಒಂದನ್ನು ಇನ್ನೊಂದು ಕಡೆ ಕೊಡೋಕೆ ಬರಲ್ಲ.

ಇ-ಸ್ಟ್ಯಾಂಪ್ ತರೋಕೆ ಸೌಹಾರ್ದ ಸಹಕಾರಿಗೆ ಹೋದೆ. ಮೊದಲ ಪಾರ್ಟಿ ಯಾರು, ಎರಡನೇ ಪಾರ್ಟಿ ಯಾರು ಅಂತ ಚೀಟಿಯಲ್ಲಿ ಬರೆದುಕೊಡಿ ಅಂದರು. ನನಗೆ ಗೊತ್ತಾಗದೆ ಎರಡೂ ಕಡೆ ನಮ್ಮ ಮನೆಯವರ ಹೆಸರೇ ಬರೆದೆ. ಎರಡನೇ ಪಾರ್ಟಿ ಬ್ಯಾಂಕಿನ ಶಾಖೆ ಆಗಬೇಕಿತ್ತು. ಬ್ಯಾಂಕಿನವರು ಒಪ್ಪಲಿಲ್ಲ, 500 ರೂಪಾಯಿ ಕಾಗದ ಮತ್ತೆ ತಂದೆ. ಸ್ಟ್ಯಾಂಪ್ ತರುವ ಮೊದಲು ಬ್ಯಾಂಕಿನಲ್ಲೇ ಕೇಳಿ ಬರೆದುಕೊಂಡು ಹೋಗಿ: ಎಷ್ಟು ಮೊತ್ತದ್ದು, ಯಾರ ಹೆಸರು, ಯಾವ ಉದ್ದೇಶ.

ತಮ್ಮನ ಪತ್ರಕ್ಕೆ ಐದು ವಾರ ಹೋಯಿತು. ಮಸ್ಕತ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಣ ಮಾಡಿಸಬೇಕು. ಅವನು ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ರಜೆ ಹಾಕಿ, ಸಹಿ ಮಾಡಿ ಕೊರಿಯರ್ ಕಳಿಸಿದ. ಬಂದ ಪತ್ರದಲ್ಲಿ ಎಫ್‌ಡಿ ನಂಬರ್ ಇದೆ, ಉಳಿತಾಯ ಖಾತೆ ನಂಬರ್ ಇಲ್ಲ. ಅದು ನನ್ನದೇ ತಪ್ಪು, ಕರಡು ಮಾಡಿ ಕಳಿಸಿದ್ದು ನಾನು. ಮತ್ತೆ ರಜೆ, ಮತ್ತೆ ಅಪಾಯಿಂಟ್‌ಮೆಂಟ್, ಮತ್ತೆ ಕೊರಿಯರ್. ಅಪ್ಪನ ಮುಖ ನೋಡೋಕೆ ಅವನು ತಡವಾಗಿ ಬಂದು ತಲುಪಿದ್ದ. ಫೋನಿನಲ್ಲಿ "ಅಕ್ಕ, ಇದೊಂದಾದ್ರೂ ಸರಿಯಾಗಿ ಮಾಡ್ಕೊಡ್ತೀನಿ" ಅಂತ ಅತ್ತ. ಮನೆಯಲ್ಲಿ ಯಾರಾದರೂ ವಿದೇಶದಲ್ಲಿದ್ದರೆ, ಅವರು ಕಾರ್ಯಕ್ಕೆ ಬಂದಿರುವಾಗಲೇ ಎಲ್ಲ ಬ್ಯಾಂಕಿನ ಫಾರ್ಮ್ ತಂದು ನೋಟರಿ ಮುಂದೆ ಸಹಿ ಮಾಡಿಸಿಬಿಡಿ. ಹನ್ನೊಂದು ದಿನ ಅವನು ನಮ್ಮ ಜೊತೆಯಲ್ಲೇ ಇದ್ದ. ನಮಗೆ ಹೊಳೆಯಲಿಲ್ಲ.

ಜಾಮೀನಿಗೆ ಚಿಕ್ಕಪ್ಪ ಒಪ್ಪಿದರು. ಇನ್ನೊಬ್ಬರು ಆ ಬ್ಯಾಂಕಿನ ಗ್ರಾಹಕರೇ ಆಗಿರಬೇಕು ಅಂದರು. ಅಪ್ಪನ ಜೊತೆ ಕೆಲಸ ಮಾಡಿದ ಒಬ್ಬರು ಮೇಷ್ಟ್ರ ಮನೆಗೆ ಹೋದೆ. 74 ವರ್ಷ, ಮಂಡಿ ನೋವು. ವಿಷಯ ಹೇಳಿ ಮುಗಿಸುವ ಮೊದಲೇ ಪ್ಯಾನ್ ಕಾರ್ಡ್, ಪೆನ್ಷನ್ ಪಾಸ್‌ಬುಕ್ ತಂದು ಚೀಲಕ್ಕೆ ಹಾಕಿಕೊಂಡರು. ಬ್ಯಾಂಕಿನ ಮೆಟ್ಟಿಲು ಒಂದೊಂದಾಗಿ ಹತ್ತಿದರು. ಒಂಬತ್ತು ಕಡೆ ಸಹಿ ಮಾಡಬೇಕಿತ್ತು. ಪ್ರತಿ ಸಹಿಗೂ ಕನ್ನಡಕ ಸರಿಮಾಡಿಕೊಂಡು, ಶಾಲೆಯ ಹಾಜರಿ ಪುಸ್ತಕಕ್ಕೆ ಹಾಕಿದ ಹಾಗೆ, ಕೆಳಗೆ ಗೆರೆ ಎಳೆದು ತಾರೀಖು ಬರೆದರು. ಎಷ್ಟು ಹಣಕ್ಕೆ ಜಾಮೀನು ಅಂತ ಒಮ್ಮೆಯೂ ಕೇಳಲಿಲ್ಲ. ಹೊರಗೆ ಬಂದು ಕಾಫಿ ಕುಡಿಯುವಾಗ ನಾನೇ ಹೇಳಿದೆ. "ನಿಮ್ಮಪ್ಪ ನನ್ನ ಮಗನ ಸೈಟಿನ ಸಾಲಕ್ಕೆ ನಿಂತಾಗ ಕೇಳಿದ್ನೇನಮ್ಮ" ಅಂದರು.

ಎಫ್‌ಡಿ ಫೆಬ್ರವರಿಯಲ್ಲಿ ಬಂತು. ಉಳಿತಾಯ ಖಾತೆಯದ್ದು ಮಾರ್ಚ್‌ನಲ್ಲಿ. ಖರ್ಚು ಕೇಳುವವರಿಗೆ: ಸ್ಟ್ಯಾಂಪ್ ಪೇಪರ್, ನೋಟರಿ, ಟೈಪಿಂಗ್, ಜೆರಾಕ್ಸ್ ಎಲ್ಲ ಸೇರಿ ಸುಮಾರು 6,500 ರೂಪಾಯಿ. ತಮ್ಮನ ಕಡೆ ರಾಯಭಾರ ಕಚೇರಿ, ಕೊರಿಯರ್ ಖರ್ಚು ಬೇರೆ. ನನ್ನ ಬಸ್ ಚಾರ್ಜು, ರಜೆಗಳನ್ನು ಲೆಕ್ಕ ಹಾಕಿಲ್ಲ. ಯಾರಿಗೂ ಲಂಚ ಕೊಡಲಿಲ್ಲ. ಕೇಳಿದವರು ಒಬ್ಬರಿದ್ದರು, "ಬರವಣಿಗೆಯಲ್ಲಿ ಕೊಡಿ" ಅನ್ನುವ ಮಾತು ಅಲ್ಲೂ ಕೆಲಸ ಮಾಡಿತು.

ಇನ್ನು ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಅಪ್ಪನ ಪ್ಯಾನ್ ಕಾರ್ಡನ್ನು ತಕ್ಷಣ ವಾಪಸ್ ಮಾಡಬೇಡಿ. ಎಫ್‌ಡಿ ಬಡ್ಡಿಗೆ ಟಿಡಿಎಸ್ (ಬ್ಯಾಂಕಿನವರು ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿದ್ದರೆ ವಾರಸುದಾರರಾಗಿ ನೋಂದಾಯಿಸಿಕೊಂಡು ಅವರ ಪರವಾಗಿ ರಿಟರ್ನ್ ಹಾಕಬೇಕು. ಪೋಸ್ಟ್ ಆಫೀಸಿನಲ್ಲಿ ನಾಮಿನಿ ಇಲ್ಲದ ಖಾತೆ ಇದ್ದರೆ 5 ಲಕ್ಷದವರೆಗೆ ಕೋರ್ಟಿಲ್ಲದೆ ಸಿಗುತ್ತದೆ, ಆದರೆ ಸಾವಾಗಿ ಆರು ತಿಂಗಳು ಕಳೆಯಬೇಕು. ಹತ್ತು ವರ್ಷ ಮುಟ್ಟದ ಹಳೇ ಖಾತೆ ಇರಬಹುದು ಅನ್ನಿಸಿದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಿ. ಅಪ್ಪನ ಹೆಸರನ್ನು "ಪ್ಪ" ಹಾಕಿಯೂ, ಹಾಕದೆಯೂ ಹುಡುಕಿದೆ, ಏನೂ ಸಿಗಲಿಲ್ಲ. ಮತ್ತೆ, ಸೊಸೈಟಿಯ ಬೆಳೆ ಸಾಲ ಮರೆಯಬೇಡಿ. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ, ಸಾಲಗಾರರು ತೀರಿಕೊಂಡರೂ ಗಡುವು ಗಡುವೇ. ಅಮ್ಮನಿಗೆ ಬಂದ ಎಫ್‌ಡಿ ಹಣದಿಂದಲೇ ಮೊದಲು ಅದನ್ನು ತೀರಿಸಿದೆವು. ಪೌತಿ ಖಾತೆ ಇನ್ನೂ ನಡೆಯುತ್ತಿದೆ.

ಹೋದ ವಾರ ಕೊನೆಯ ದಿನ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವರ ಹೆಸರಿನ ಖಾತೆಗೆ, ಹೊಸದಾಗಿ ಇಟ್ಟ ಎಫ್‌ಡಿಗೆ ನಾಮಿನಿ ಹಾಕಿಸಬೇಕಿತ್ತು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಬರೆಯಬಹುದು. ಅಮ್ಮ ಮೂವರ ಹೆಸರೂ ಹಾಕು ಅಂದರು. ಒಟ್ಟು 100 ಆಗಬೇಕು ಅಂದಳು ಕೌಂಟರಿನ ಅದೇ ಹುಡುಗಿ. 33, 33, 33 ಬರೆದರೆ ಒಂದು ಉಳಿಯುತ್ತದೆ.

"ಆ ಒಂದು ಯಾರಿಗಮ್ಮ?" ಅಂತ ಕೇಳಿದೆ.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಸಣ್ಣೋಳಿಗೆ ಹಾಕು. ಅವ್ಳಿಗೆ ಅಪ್ಪ ಸಿಕ್ಕಿದ್ದು ನಿಮಗಿಂತ ಕಡಿಮೆ ವರ್ಷ" ಅಂದರು. ಮೂರನೇ ಸಾಲಿನಲ್ಲಿ 34 ಅಂತ ಬರೆದೆ, ಅಮ್ಮ ಸಹಿ ಮಾಡಿದರು.